ಅಪ್‌ಡೇಟ್: ವಿದೇಶಿ ವಿದ್ಯಾರ್ಥಿಯ ಮಾಹಿತಿ ಕೊಡಬೇಕಾದ್ದು ಕಾಲೇಜಾ, ಮನೆ ಓನರಾ?

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ನಾನು ಕೇಳಿದ್ದು ಇಷ್ಟೇ: ತುಮಕೂರಿನ ನಮ್ಮ ಕಾಲೇಜಿನ ತಾಂಜಾನಿಯಾ ಹುಡುಗ ಹಾಸ್ಟೆಲ್ ಬಿಟ್ಟು ಎಸ್.ಎಸ್. ಪುರಂನಲ್ಲಿ ಬಾಡಿಗೆ ರೂಮಿಗೆ ಹೋಗುತ್ತಿದ್ದಾನೆ, ಸರ್ಕಾರಕ್ಕೆ ಯಾರು ತಿಳಿಸಬೇಕು?

ಇಬ್ಬರೂ ತಿಳಿಸಬೇಕು. 1946ರ ಹಳೇ ಕಾಯ್ದೆ ಹೋಗಿ, 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ಅದರಲ್ಲಿ ಶಿಕ್ಷಣ ಸಂಸ್ಥೆಯ ಹೊಣೆ ಬೇರೆ, ಮನೆ ಕೊಡುವವರ ಹೊಣೆ ಬೇರೆ. ನಾವು ವಿದ್ಯಾರ್ಥಿಯ ವಿವರ ಕೊಡಬೇಕು. ಜನ ಸಾಮಾನ್ಯವಾಗಿ 'ಸಿ ಫಾರ್ಮ್' ಅಂತ ಕರೆಯುವ ಮಾಹಿತಿಯನ್ನು ಓನರ್, ಹುಡುಗ ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ವಿಳಾಸ ಬದಲಾದದ್ದನ್ನು ಹುಡುಗನೂ ಇ-ಎಫ್‌ಆರ್‌ಆರ್‌ಒದಲ್ಲಿ (ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ಪೋರ್ಟಲ್) ತಿಳಿಸಬೇಕು.

ಓನರ್ ಆಂಟಿಗೆ ಮಾತ್ರ "ಪೊಲೀಸು ಗಿಲೀಸು ಮನೆಗೆ ಬರ್ತಾರಾ ಸಾರ್?" ಅಂತ ಭಯ. ಜೊತೆಯಲ್ಲೇ ಕೂತು ತುಂಬಿಸಿದೆ. ಪಾಸ್‌ಪೋರ್ಟ್, ವೀಸಾ ನಂಬರ್ ಸಲೀಸಾಗಿ ಸಿಕ್ಕಿತು, ಆದರೆ ಭಾರತಕ್ಕೆ ಬಂದಿಳಿದ ದಿನಾಂಕದ ಮುದ್ರೆ ಎಷ್ಟು ಮಸುಕಾಗಿತ್ತು ಅಂದ್ರೆ ಮೊಬೈಲ್ ಟಾರ್ಚ್ ಹಾಕಿ, ಪುಟ ಓರೆ ಮಾಡಿ ಓದಬೇಕಾಯಿತು.

ಇದನ್ನೆಲ್ಲ ಓನರ್‌ಗಳಿಗೆ ಕಾಲೇಜುಗಳೇ ಮೊದಲು ಹೇಳಬೇಕು ಅಲ್ವಾ? ಸುಮ್ನೆ ಕಾಗದಪತ್ರದ ಭಯಕ್ಕೆ ದೂರದಿಂದ ಬಂದ ಮಕ್ಕಳಿಗೆ ರೂಮ್ ಇಲ್ಲ ಅನ್ನುವುದು ತುಂಬಾ ಅನ್ಯಾಯ. ನಮ್ಮ ಆಫೀಸಿನಲ್ಲಿ ಈಗ ಓನರ್‌ಗಳಿಗೆ ಕೊಡಲು ಕನ್ನಡದಲ್ಲೇ ಒಂದು ಚೀಟಿ ಮಾಡುತ್ತಿದ್ದೇವೆ.