ಫೋಟೋ ತೋರಿಸಿ ದುಡ್ಡು ವಾಪಸ್ ಕೇಳುವ ಗಿರಾಕಿಗೆ ಎಂತ ಉತ್ತರ ಕೊಡುವುದು?

ಪ್ರಶ್ನೆ: ಹಪ್ಪಳದ ಮನೆ, ನೀರ್ಚಾಲು

ಎಲ್ಲರಿಗೂ ನಮಸ್ಕಾರ. ನಾವು ಮನೆಯಲ್ಲೇ ಹಲಸಿನಕಾಯಿ ಹಪ್ಪಳ, ಮಾಂಬಳ (ಒಣಗಿಸಿದ ಮಾವಿನ ಹಣ್ಣಿನ ರಸ), ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ) ಮಾಡಿ ಮಾರುವವರು. ಅತ್ತೆ, ನಾನು, ಪಕ್ಕದ ಮನೆಯ ಇಬ್ಬರು ಹೆಂಗಸರು, ಇಷ್ಟೇ ಜನ. ಮೊದಲು ಗುರುತಿದ್ದವರಿಗೆ ವಾಟ್ಸಾಪ್‌ನಲ್ಲಿ ಕೊಡುತ್ತಿದ್ದೆವು. ಈಗ ಒಂದು ದೊಡ್ಡ ಮಾರಾಟದ ಆ್ಯಪ್‌ನಲ್ಲೂ ಅಂಗಡಿ ತೆರೆದಿದ್ದೇವೆ. ವ್ಯಾಪಾರ ಚೆನ್ನಾಗಿಯೇ ಇದೆ. ಆದರೆ ಕೆಲವು ಗಿರಾಕಿಗಳು ನಿದ್ದೆ ಕೆಡಿಸುತ್ತಿದ್ದಾರೆ.

ಮೊನ್ನೆಯದ್ದು ಹೇಳುತ್ತೇನೆ. ಬೆಂಗಳೂರಿನ ಒಬ್ಬರು ನಾಲ್ಕು ಕಟ್ಟು ಹಪ್ಪಳ ತರಿಸಿಕೊಂಡರು. ಪಾರ್ಸೆಲ್ ತಲುಪಿ ವಾರ ಕಳೆದ ಮೇಲೆ ಮೆಸೇಜ್ ಬಂತು. ‘ಎಲ್ಲ ಪುಡಿಯಾಗಿದೆ. ಪೂರ್ತಿ ದುಡ್ಡು ಕೊಡಿ. ಇಲ್ಲದಿದ್ದರೆ ಒಂದು ಸ್ಟಾರ್ ಹಾಕುತ್ತೇನೆ, ನನ್ನ ಗ್ರೂಪಿನವರ ಹತ್ತಿರವೂ ಹಾಕಿಸುತ್ತೇನೆ.’ ಜೊತೆಗೆ ಒಂದು ಫೋಟೋ.

ಫೋಟೋ ನೋಡಿದ ಕೂಡಲೇ ಅತ್ತೆ, ‘ಇದು ನಮ್ಮ ಹಪ್ಪಳವೇ ಅಲ್ಲ’ ಎಂದರು. ನಾವು ಬೇಯಿಸಿದ ಹಲಸಿನ ಸೊಳೆಯನ್ನು ಅರೆದು, ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ಮಧ್ಯೆ ಇಟ್ಟು ಮಣೆಯಲ್ಲಿ ಒತ್ತುತ್ತೇವೆ. ಅಂಚು ಸರಿಯಾಗಿ ದುಂಡಗೆ ಬರುವುದೇ ಇಲ್ಲ, ಅಲ್ಲಲ್ಲಿ ಸಣ್ಣ ಸೀಳು ಇರುತ್ತದೆ. ಓಲೆಚಾಪೆಯಲ್ಲಿ ಒಣಗಿಸುವುದರಿಂದ ಒಂದು ಮಗ್ಗುಲಿಗೆ ಚಾಪೆಯ ಹೆಣಿಗೆಯ ಗೆರೆ ಬಿದ್ದಿರುತ್ತದೆ. ಆ ಫೋಟೋದ ಚೂರುಗಳ ಅಂಚು ಅಚ್ಚಿನಲ್ಲಿ ಕತ್ತರಿಸಿದ ಹಾಗೆ ನಯವಾಗಿತ್ತು. ಬಣ್ಣ ಬೆಳ್ಳಗೆ. ದೊಡ್ಡದು ಮಾಡಿ ನೋಡಿದರೆ ಕರಿಮೆಣಸಿನ ಚುಕ್ಕೆ ಬೇರೆ! ನಾವು ಹಾಕುವುದು ಒಣಮೆಣಸು, ಕೊತ್ತಂಬರಿ, ಉಪ್ಪು. ಅದು ಯಾವುದೋ ಉದ್ದಿನ ಹಪ್ಪಳ.

ಆದರೆ ಆ್ಯಪ್‌ನವರಿಗೆ ಇದು ಹೇಗೆ ಗೊತ್ತಾಗಬೇಕು? ತಿನ್ನುವ ಸಾಮಾನನ್ನು ಅವರು ವಾಪಸ್ ತರಿಸುವುದಿಲ್ಲ. ಫೋಟೋ ನೋಡಿ ನಮ್ಮ ಲೆಕ್ಕದಿಂದ ದುಡ್ಡು ಕೊಟ್ಟುಬಿಡುತ್ತಾರೆ. ಮಾಲೂ ಹೋಯಿತು, ದುಡ್ಡೂ ಹೋಯಿತು. ಸಹಾಯವಾಣಿಗೆ ಫೋನ್ ಮಾಡಿದರೆ ನಮ್ಮದು 671ರಿಂದ ಶುರುವಾಗುವ ಕೇರಳದ ಪಿನ್‌ಕೋಡ್ ಅಂತ ನೋಡಿ ಮಲಯಾಳದಲ್ಲಿ ಮಾತಾಡುತ್ತಾರೆ. ಮಲಯಾಳ ನನಗೆ ಬರುತ್ತದೆ. ಆದರೂ ನ್ಯಾಯ ಕೇಳುವಾಗ ಕನ್ನಡದಲ್ಲೇ ಸರಿಯಾಗಿ ಬಾಯಿ ಬರುವುದು.

ಇನ್ನೊಂದು ಕ್ಯಾಶ್ ಆನ್ ಡೆಲಿವರಿ. ಹಲಸಿನ ಹಪ್ಪಳ ಜಾಸ್ತಿ ಹೋಗುವುದೇ ಆಟಿ ತಿಂಗಳ ಮಳೆಗೆ. ಆರ್ಡರ್ ಹಾಕಿದವರು ಬಾಗಿಲಿಗೆ ಬಂದಾಗ ‘ಬೇಡ’ ಅನ್ನುತ್ತಾರೆ. ಪಾರ್ಸೆಲ್ ಗೋಡೌನ್‌ನಿಂದ ಗೋಡೌನ್‌ಗೆ ಸುತ್ತಿ ಮನೆಗೆ ಬರುವಷ್ಟರಲ್ಲಿ ಹಪ್ಪಳ ಮೆತ್ತಗಾಗಿರುತ್ತದೆ. ಮತ್ತೆ ಒಣಗಿಸಲು ಬಿಸಿಲು ಎಲ್ಲಿದೆ?

ಆ ಬೆಂಗಳೂರಿನವರಿಗೆ ದುಡ್ಡು ಕೊಟ್ಟು ಕೈತೊಳೆದುಕೊಳ್ಳಲಾ? ಕ್ಯಾಶ್ ಆನ್ ಡೆಲಿವರಿ ನಿಲ್ಲಿಸಲಾ? ‘ನಮ್ಮ ಕುಟುಂಬದವರೆಲ್ಲ ಸೇರಿ ಐದೈದು ಸ್ಟಾರ್ ಹಾಕೋಣ, ಆ ಒಂದು ಸ್ಟಾರ್ ಮುಚ್ಚಿಹೋಗುತ್ತದೆ’ ಎಂದು ಅಳಿಯ ಹೇಳುತ್ತಿದ್ದಾನೆ. ಅನುಭವ ಇದ್ದವರು ಹೇಳಿ.

ಉತ್ತರ: ಹಾಳೆತಟ್ಟೆ, ಮುಳ್ಳೇರಿಯ

ಅಕ್ಕಾ, ಬೆದರಿಸಿದವರಿಗೆ ದುಡ್ಡು ಕೊಡಲೇಬೇಡಿ. ಕೊಟ್ಟರೆ ಅವರು ಇನ್ನೊಬ್ಬರಿಗೆ ಹೇಳಿಕೊಡುತ್ತಾರೆ. ‘ದುಡ್ಡು ಕೊಡದಿದ್ದರೆ ಒಂದು ಸ್ಟಾರ್’ ಎಂದು ಬರೆದ ಮೆಸೇಜ್ ನಿಮ್ಮ ಕೈಯಲ್ಲಿರುವ ಒಳ್ಳೆಯ ಸಾಕ್ಷಿ. ಆ್ಯಪ್ ಒಳಗೇ ಬಂದಿದ್ದರೆ ಇನ್ನೂ ಒಳ್ಳೆಯದು. ಅಲ್ಲಿಂದಲೇ ರಿಪೋರ್ಟ್ ಮಾಡಿ. ಅವರು ವಾಟ್ಸಾಪ್‌ಗೆ ಬನ್ನಿ, ಫೋನ್‌ನಲ್ಲಿ ಮಾತಾಡೋಣ ಅಂದರೆ ಹೋಗಬೇಡಿ. ಬಾಯಿಮಾತಿಗೆ ದಾಖಲೆ ಇಲ್ಲ.

ಆ್ಯಪ್‌ನವರಿಗೆ ಬರೆಯುವಾಗ ಕಷ್ಟ ಸುಖ ಬರೆಯಬೇಡಿ, ಓದುವ ಪುರುಸೊತ್ತು ಅವರಿಗಿಲ್ಲ. ಎರಡು ಫೋಟೋ ಅಕ್ಕಪಕ್ಕ ಇಡಿ. ಒಂದು ನಿಮ್ಮ ಹಪ್ಪಳ, ಒಂದು ಅವರು ಕಳಿಸಿದ್ದು. ಅಂಚು, ಚಾಪೆಯ ಗೆರೆ, ಕರಿಮೆಣಸು ಇರುವಲ್ಲಿ ಕೆಂಪು ಸುತ್ತು ಹಾಕಿ. ನೀವು ಇಲ್ಲಿ ಬರೆದದ್ದೇ ಸಾಕು, ಅಷ್ಟು ಸ್ಪಷ್ಟವಾಗಿದೆ.

ಇನ್ನು ಮುಂದೆ ಪ್ಯಾಕ್ ಮಾಡುವುದನ್ನು ವಿಡಿಯೋ ಮಾಡಿ. ಖಾಲಿ ಡಬ್ಬಿ, ಒಳಗಿಡುವ ಕಟ್ಟು, ತಕ್ಕಡಿಯ ತೂಕ, ಟೇಪ್, ಲೇಬಲ್‌ನ ನಂಬರ್. ಎಲ್ಲ ಒಂದೇ ಓಟದಲ್ಲಿ ಬರಬೇಕು. ಮಧ್ಯೆ ಕಟ್ ಮಾಡಿದರೆ ಒಪ್ಪುವುದಿಲ್ಲ. ವಾಪಸ್ ಬಂದ ಡಬ್ಬಿ ಬಿಚ್ಚುವಾಗಲೂ ಹಾಗೆಯೇ. ನಾನು ಅಡಿಕೆ ಹಾಳೆಯ ತಟ್ಟೆ ಮಾರುವವ. ಒಮ್ಮೆ ಒಬ್ಬರು ಮದುವೆಗೆ ಅಂತ ತಟ್ಟೆ ತರಿಸಿ, ಊಟ ಮುಗಿದ ಮೇಲೆ ‘ಬಿರುಕು ಬಿಟ್ಟಿದೆ’ ಎಂದು ವಾಪಸ್ ಹಾಕಿದ್ದರು. ಡೆಲಿವರಿ ಹುಡುಗನ ಎದುರೇ ಬಿಚ್ಚಿದೆ. ಮೇಲಿನ ಸಾಲು ಹೊಸತು, ಅಡಿಯಲ್ಲಿ ಸಾಂಬಾರಿನ ಕಲೆ, ಒಂದರಲ್ಲಿ ಅನ್ನದ ಅಗುಳು! ಆ ವಿಡಿಯೋ ಹಾಕಿದ್ದಕ್ಕೆ ದುಡ್ಡು ನನ್ನ ಲೆಕ್ಕಕ್ಕೆ ಬಂತು. ಹೀಗೆ ಕ್ಲೈಮ್ ಹಾಕಲು ದಿನದ ಗಡುವು ಇರುತ್ತದೆ. ಸೆಲ್ಲರ್ ಪ್ಯಾನೆಲ್‌ನಲ್ಲಿ ಇವತ್ತೇ ನೋಡಿಟ್ಟುಕೊಳ್ಳಿ.

ಮಳೆಗಾಲದಲ್ಲಿ ತಟ್ಟೆಗೆ ಬೂಸು ಹಿಡಿದಿದೆ ಅಂತ ಯಾರಾದರೂ ಹೇಳಿದರೆ ಮಾತ್ರ ನಾನು ಸಾಕ್ಷಿ ಕೇಳುವುದಿಲ್ಲ. ಹಾಳೆಗೆ ಬೂಸು ಹಿಡಿಯುತ್ತದೆ, ಅದು ನಿಜ. ಕೂಡಲೇ ಕೊಟ್ಟುಬಿಡುತ್ತೇನೆ.

ಉತ್ತರ: ಅಕ್ಷಯ ಕೇಂದ್ರದ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಕೆಲಸದವ, ಬದಿಯಡ್ಕ

ಅಳಿಯ ಹೇಳಿದ್ದು ಬೇಡ ಅಕ್ಕ. 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮದಲ್ಲಿ ಇದನ್ನು ನೇರವಾಗಿಯೇ ತಡೆದಿದ್ದಾರೆ. ಮಾರುವವರು ಗಿರಾಕಿಯ ಹಾಗೆ ವೇಷ ಹಾಕಿ ತಮ್ಮದೇ ಸಾಮಾನಿಗೆ ರಿವ್ಯೂ ಬರೆಯುವಂತಿಲ್ಲ. ಈಗ ನ್ಯಾಯ ನಿಮ್ಮ ಕಡೆ ಇದೆ. ಕುಟುಂಬದವರ ಸ್ಟಾರ್ ಹಾಕಿಸಿದರೆ ನಾಳೆ ಆ ಗಿರಾಕಿಯೇ ನಿಮ್ಮ ಕಡೆ ಬೆರಳು ತೋರಿಸಬಹುದು.

ಅದೇ ನಿಯಮದಲ್ಲಿ ಇನ್ನೊಂದು ಇದೆ. ಸಾಮಾನು ಕೆಟ್ಟಿದ್ದರೆ, ಹೇಳಿದ ಹಾಗೆ ಇಲ್ಲದಿದ್ದರೆ, ಅಥವಾ ಹೇಳಿದ ದಿನ ದಾಟಿ ತಲುಪಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲ, ದುಡ್ಡು ಕೊಡುವುದಿಲ್ಲ ಅನ್ನುವ ಹಾಗಿಲ್ಲ. ಹಾಗಾಗಿ ‘ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ’ ಎಂದು ಬೋರ್ಡ್ ಹಾಕಿಕೊಂಡು ಧೈರ್ಯದಲ್ಲಿ ಕೂರಬೇಡಿ. ದೂರು ಬಂದರೆ 48 ಗಂಟೆಯೊಳಗೆ ‘ನೋಡಿದ್ದೇವೆ’ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಮುಗಿಸಬೇಕು. ಸುಳ್ಳು ದೂರು ಅಂತ ಖಾತ್ರಿ ಇದ್ದರೂ ಸುಮ್ಮನಿರಬೇಡಿ. ಒಂದು ಸಾಲಾದರೂ ಬರೆಯಿರಿ. ಮುಂದೆ ಅವರು 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಟ್ಟರೆ, ನೀವು ಕೂಡಲೇ ಉತ್ತರಿಸಿದ್ದು ಉಪಯೋಗಕ್ಕೆ ಬರುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ವಾಟ್ಸಾಪ್ ವ್ಯಾಪಾರ ಇನ್ನೂ ಇದೆ ಅಲ್ವಾ? ಅಲ್ಲಿ ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಹಾಕಬೇಡಿ. ಬ್ಯಾಂಕ್ ಖಾತೆ ತೆರೆದು ನೋಡಿ, ದುಡ್ಡು ಬಂದಿದ್ದರೆ ಮಾತ್ರ ಹಾಕಿ. ‘500ರ ಬದಲು 5000 ಬಂದುಬಿಟ್ಟಿದೆ, ಉಳಿದದ್ದು ವಾಪಸ್ ಹಾಕಿ’ ಎಂದು ಗಡಿಬಿಡಿ ಮಾಡುವವರು ಇದ್ದಾರೆ. ಅವರು ತೋರಿಸುವ ಎಸ್ಸೆಮ್ಮೆಸ್ ಅವರೇ ಟೈಪ್ ಮಾಡಿದ್ದು. ದುಡ್ಡು ಬರಲು ಯುಪಿಐ ಪಿನ್ ಒತ್ತಬೇಕಾಗಿಯೇ ಇಲ್ಲ. ಪಿನ್ ಕೇಳಿತು ಅಂದರೆ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತದೆ ಅಂತಲೇ ಅರ್ಥ. ಅಕಸ್ಮಾತ್ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಮ್ಮ ಕೇಂದ್ರಕ್ಕೆ ಬರುವವರು ನಾಲ್ಕು ಜನರ ಹತ್ತಿರ ವಿಚಾರಿಸಿ, ಮರುದಿನ ಬರುತ್ತಾರೆ. ಅಷ್ಟರಲ್ಲಿ ದುಡ್ಡು ಇನ್ನೊಂದು ಖಾತೆ ದಾಟಿರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಉತ್ತರ: ಕೈಮಗ್ಗದ ಸೀರೆ, ಕಾಸರಗೋಡು

ತಂಗೀ, ವಿಡಿಯೋ, ಸಾಕ್ಷಿ ಎಲ್ಲ ಸರಿ. ಆದರೆ ಎಲ್ಲ ಗಿರಾಕಿಯನ್ನೂ ಕಳ್ಳರ ಹಾಗೆ ನೋಡಲು ಶುರು ಮಾಡಿದರೆ ಈ ವ್ಯಾಪಾರ ಮಾಡಲು ಆಗುವುದಿಲ್ಲ. ನಾನು ಕಾಸರಗೋಡು ಸೀರೆ ಮಾರುವವಳು. ನನ್ನ ಹತ್ತಿರ ಜಗಳಕ್ಕೆ ಬಂದವರಲ್ಲಿ ಜಾಸ್ತಿ ಜನ ಗೊತ್ತಿಲ್ಲದೆ ಬಂದವರು. ಕೈಮಗ್ಗದ ನೇಯ್ಗೆಯಲ್ಲಿ ಅಲ್ಲಿ ಇಲ್ಲಿ ಒಂದು ಎಳೆ ದಪ್ಪ ಬರುತ್ತದೆ. ಮಿಲ್ಲಿನ ಬಟ್ಟೆ ಉಟ್ಟು ಅಭ್ಯಾಸ ಆದವರಿಗೆ ಅದು ದೋಷ. ಈಗ ನಾನು ಆ ದಪ್ಪ ಎಳೆಯದ್ದೇ ಹತ್ತಿರದ ಫೋಟೋ ತೆಗೆದು, ‘ಇದು ಹೀಗೇ ಇರುತ್ತದೆ, ಬೇಡದವರು ಕೊಳ್ಳಬೇಡಿ’ ಎಂದು ಮೊದಲೇ ಹಾಕುತ್ತೇನೆ. ನೀನೂ ಹಾಗೆ ಮಾಡು. ಸೀಳಿದ ಅಂಚಿನ ಫೋಟೋ, ಚಾಪೆಯ ಗೆರೆಯ ಫೋಟೋ ಅಂಗಡಿಯಲ್ಲೇ ಇರಲಿ. ಕಟ್ಟಿನಲ್ಲಿ ಒಂದೆರಡು ಮುರಿಯಬಹುದು ಎಂದೂ ಬರೆ, ಅದಕ್ಕೆ ಎರಡು ಹಪ್ಪಳ ಜಾಸ್ತಿ ಇಡು. ಸುಳ್ಳು ಫೋಟೋ ಕಳಿಸುವವರಿಗೂ ಆಗ ಕಷ್ಟವಾಗುತ್ತದೆ.

ಕ್ಯಾಶ್ ಆನ್ ಡೆಲಿವರಿ ಪೂರ್ತಿ ನಿಲ್ಲಿಸಬೇಡ. ಊರು ಬಿಟ್ಟು ಮುಂಬೈ, ಬೆಂಗಳೂರಲ್ಲಿ ಇರುವ ನಮ್ಮ ಹಿರಿಯರಲ್ಲಿ ಎಷ್ಟೋ ಜನ ಸಾಮಾನು ಕೈಗೆ ಬಂದ ಮೇಲೆಯೇ ದುಡ್ಡು ಕೊಡುವವರು. ಅಂಚೆಯವನಿಗೆ ದುಡ್ಡು ಕೊಟ್ಟು ಪಾರ್ಸೆಲ್ ತೆಗೆದುಕೊಳ್ಳುವ ವಿ.ಪಿ.ಪಿ. ಕಾಲದಲ್ಲೂ ಪಾರ್ಸೆಲ್ ಬಿಡಿಸಿಕೊಳ್ಳದೆ ವಾಪಸ್ ಕಳಿಸುವವರು ಇದ್ದರು, ಇದು ಹೊಸತಲ್ಲ. ಆ್ಯಪ್‌ನಲ್ಲಿ ಗಿರಾಕಿಗೆ ಫೋನ್ ಮಾಡುವ ದಾರಿ ಇದ್ದರೆ ಕಳಿಸುವ ಮೊದಲು ಒಂದು ಮಾತು ಕೇಳು. ‘ನಾಡಿದ್ದು ಮನೆಯಲ್ಲಿ ಇರುತ್ತೀರಾ?’ ಅಷ್ಟೇ. ಬೇಡದವರು ಅಲ್ಲೇ ಬೇಡ ಅನ್ನುತ್ತಾರೆ. ಮಾಂಬಳದಂಥ ಬೆಲೆಯ ಸಾಮಾನಿಗೆ ಮಾತ್ರ ಮೊದಲೇ ದುಡ್ಡು ತೆಗೆದುಕೋ.

ಆ ಬೆಂಗಳೂರಿನವರಿಗೆ ಹೀಗೆ ಬರೆ: ‘ನಮಸ್ಕಾರ. ನೀವು ಕಳಿಸಿದ ಫೋಟೋದಲ್ಲಿ ಇರುವುದು ನಾವು ಮಾಡುವ ಹಪ್ಪಳ ಅಲ್ಲ. ನಮ್ಮ ಲೇಬಲ್ ಇರುವ ಕಟ್ಟು ಮತ್ತು ಡಬ್ಬಿಯ ಫೋಟೋ ಕಳಿಸಿದರೆ, ಒಡೆದದ್ದಕ್ಕೆ ಬೇರೆ ಕಳಿಸುತ್ತೇವೆ.’ ಕಳ್ಳ ಅನ್ನಬೇಡ, ಸ್ಟಾರ್‌ನ ಮಾತು ಎತ್ತಲೇಬೇಡ. ನಿಜವಾಗಿ ಒಡೆದಿದ್ದರೆ ಅವರು ಫೋಟೋ ಕಳಿಸುತ್ತಾರೆ. ಒಂದು ಸ್ಟಾರ್ ಬಂದರೂ ಅದರ ಕೆಳಗೆ ಇದೇ ಉತ್ತರ ಹಾಕು. ಕೊಳ್ಳುವವರು ಎರಡನ್ನೂ ಓದುತ್ತಾರೆ ತಂಗಿ. ನಾನೇ ಬೇರೆಯವರ ಹತ್ತಿರ ಏನಾದರೂ ತೆಗೆಯುವಾಗ ಮೊದಲು ಬೈಗುಳ ಓದುತ್ತೇನೆ, ಆಮೇಲೆ ಅಂಗಡಿಯವರು ಏನು ಹೇಳಿದರು ಅಂತ ನೋಡುತ್ತೇನೆ.

ಉತ್ತರ: ಹಪ್ಪಳದ ಮನೆ, ನೀರ್ಚಾಲು

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಅಕ್ಕ ಹೇಳಿದ ಮಾತನ್ನು ಹಾಗೆಯೇ ಬರೆದು ಕಳಿಸಿದೆ. ಅವರು ಓದಿದ್ದಾರೆ, ಲೇಬಲ್‌ನ ಫೋಟೋ ಬಂದಿಲ್ಲ. ಆ್ಯಪ್‌ನವರಿಗೂ ಎರಡು ಫೋಟೋ ಅಕ್ಕಪಕ್ಕ ಇಟ್ಟು ಕಳಿಸಿದ್ದೇನೆ. ದುಡ್ಡು ಸದ್ಯಕ್ಕೆ ತಡೆಹಿಡಿದು ‘ಪರಿಶೀಲನೆಯಲ್ಲಿದೆ’ ಎಂದು ತೋರಿಸುತ್ತಿದೆ. ಕೊನೆಗೆ ಅವರ ಪರವಾಗಿ ಆದರೂ ನಾನು ಬಿಡುವುದಿಲ್ಲ, ಮತ್ತೆ ಬರೆಯುತ್ತೇನೆ. ಬಿಸಿಲಲ್ಲಿ ಕೂತು ಒತ್ತಿದ ಹಪ್ಪಳವನ್ನು ಬೇರೆ ಯಾರದ್ದೋ ಫೋಟೋ ತೋರಿಸಿ ಕೆಟ್ಟದ್ದು ಅಂದರೆ ಅತ್ತೆಗೆ ಎಷ್ಟು ಬೇಜಾರಾಯಿತು ಅಂತ ನನಗೆ ಗೊತ್ತು.

ಅಳಿಯನಿಗೆ ನಿಯಮದ ವಿಷಯ ಹೇಳಿದೆ, ಒಪ್ಪಿದ. ವಿಡಿಯೋ ಮಾಡುವ ಕೆಲಸ ಅವನಿಗೇ ಕೊಟ್ಟಿದ್ದೇನೆ.

ಒಂದು ವಿಷಯ ಉಳಿಯಿತು. ನಿಜವಾಗಿ ಒಡೆಯುವುದೂ ಇದೆ ಅಲ್ವಾ? ಕಟ್ಟಿನ ಅಡಿಯ ಮತ್ತು ಮೇಲಿನ ಹಪ್ಪಳಕ್ಕೇ ಪೆಟ್ಟು ಬೀಳುವುದು. ರಟ್ಟು ಕತ್ತರಿಸಿ ಇಟ್ಟು ನೋಡಿದೆ, ಮಳೆಗೆ ಅದೂ ಮೆತ್ತಗಾಗುತ್ತದೆ.

ಉತ್ತರ: ಹಾಳೆತಟ್ಟೆ, ಮುಳ್ಳೇರಿಯ

ಕಟ್ಟನ್ನು ಮೊದಲು ಪ್ಲಾಸ್ಟಿಕ್ ಕವರಿಗೆ ಹಾಕಿ ಗಾಳಿ ಹೋಗದ ಹಾಗೆ ಸೀಲ್ ಮಾಡಿ. ಆಮೇಲೆ ಅಡಿಗೊಂದು, ಮೇಲೊಂದು ಹಾಳೆತಟ್ಟೆ ಕವುಚಿ ಕಟ್ಟಿ. ತಟ್ಟೆ ಕವರಿನ ಹೊರಗೇ ಇರಲಿ, ಒಳಗೆ ಹಾಕಿದರೆ ಬೂಸು ಹಪ್ಪಳಕ್ಕೂ ಹತ್ತುತ್ತದೆ. ಅಂಚು ಸೀಳಿ ಮಾರಲು ಆಗದ ತಟ್ಟೆ ನನ್ನಲ್ಲಿ ಗೋಣಿಗಟ್ಟಲೆ ಬಿದ್ದಿದೆ. ಅಳಿಯನನ್ನು ಮುಳ್ಳೇರಿಯಕ್ಕೆ ಕಳಿಸಿ, ಒಂದು ಗೋಣಿ ತುಂಬಿ ಕೊಡುತ್ತೇನೆ. ದುಡ್ಡು ಬೇಡ.