ವ್ಯಾಲ್ಯೂ ಗೊತ್ತಿಲ್ಲದ ಕೆಪಾಸಿಟರ್, ಕಾಯಿಲ್‌ಗಳನ್ನು ಅಳೆಯೋದು ಹೇಗೆ?

ಪ್ರಶ್ನೆ: ಹಳೆ ಬೋರ್ಡ್‌ಗಳಿಂದ ಬಿಚ್ಚಿದ ಕೆಪಾಸಿಟರ್, ಕಾಯಿಲ್‌ಗಳು ಒಂದು ಡಬ್ಬಿ ತುಂಬ ಇವೆ. ಕೆಲವದರ ಬರಹ ಅಳಿಸಿಹೋಗಿದೆ. ಕಾಯಿಲ್‌ಗಳ ಮೇಲಂತೂ ಏನೂ ಬರೆದೇ ಇಲ್ಲ. ಇವನ್ನು ನೇರವಾಗಿ ಅಳೆಯುವ ಎಲ್‌ಸಿಆರ್ ಮೀಟರ್ ಇಲ್ಲ. ಮಲ್ಟಿಮೀಟರ್, ಸಿಗ್ನಲ್ ಜನರೇಟರ್, ಸ್ಕೋಪ್ (ವೋಲ್ಟೇಜ್ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್) ಇವೆ. ಇಷ್ಟರಲ್ಲೇ ಅಳೆಯಬಹುದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ 1: ಧಾರಾಳವಾಗಿ ಅಳೆಯಬಹುದು. ದೊಡ್ಡ ಎಲೆಕ್ಟ್ರೋಲಿಟಿಕ್ (ಪ್ಲಸ್, ಮೈನಸ್ ಇರುವ) ಕೆಪಾಸಿಟರ್‌ಗಳಿಂದ ಶುರು ಮಾಡಿ, ಅವಕ್ಕೆ ಸ್ಕೋಪ್ ಕೂಡ ಬೇಡ. ಮೊದಲು ರೆಸಿಸ್ಟರ್ ಇಟ್ಟು ಪೂರ್ತಿ ಡಿಸ್ಚಾರ್ಜ್ ಮಾಡಿ. ಆಮೇಲೆ ಪ್ಲಸ್, ಮೈನಸ್ ನೋಡಿಕೊಂಡು 100 ಕಿಲೋಓಮ್ ಮೂಲಕ 9 ವೋಲ್ಟ್ ಕೊಡಿ. ಕೆಪಾಸಿಟರ್ ವೋಲ್ಟೇಜ್ ಸೊನ್ನೆಯಿಂದ 5.7ಕ್ಕೆ, ಅಂದರೆ ಕೊಟ್ಟದ್ದರ 63%ಗೆ ಏರಲು ಎಷ್ಟು ಸೆಕೆಂಡ್ ಬೇಕು ನೋಡಿ. 10 ಸೆಕೆಂಡ್ ಆದರೆ 100 ಮೈಕ್ರೋಫ್ಯಾರಡ್. ಒಂದು ಸೆಕೆಂಡಿಗೆ 10 ಮೈಕ್ರೋಫ್ಯಾರಡ್ ಲೆಕ್ಕ, ಅಷ್ಟೇ. ವೋಲ್ಟೇಜ್ ರೇಟಿಂಗ್ ಕೂಡ ಗೊತ್ತಿಲ್ಲ ಅಂದರೆ 3 ವೋಲ್ಟ್ ಸಾಕು, ಆಗ 1.9ರವರೆಗೆ ಎಣಿಸಿ. ಎಷ್ಟು ಹೊತ್ತಾದರೂ ಪೂರ್ತಿ ವೋಲ್ಟೇಜಿಗೆ ಹತ್ತಿರ ಬರದಿದ್ದರೆ ಅದು ಲೀಕ್ ಆಗುತ್ತಿದೆ. ತುಂಬಾ ವರ್ಷ ಸುಮ್ನೆ ಬಿದ್ದಿದ್ದ ಎಲೆಕ್ಟ್ರೋಲಿಟಿಕ್ ಆದರೆ ಸ್ವಲ್ಪ ಹೊತ್ತು ವೋಲ್ಟೇಜಿನಲ್ಲೇ ಬಿಟ್ಟು ಇನ್ನೊಮ್ಮೆ ನೋಡಿ, ಚೇತರಿಸಿಕೊಳ್ಳುವುದುಂಟು.

ಉತ್ತರ 2: ನ್ಯಾನೋಫ್ಯಾರಡ್ ಮಟ್ಟದವಕ್ಕೂ ಇದೇ ಉಪಾಯ, ಆದರೆ ಕೈಗಡಿಯಾರದ ಬದಲು ಸ್ಕೋಪ್. ಜನರೇಟರ್‌ನಿಂದ 100 ಹರ್ಟ್ಜ್ ಸ್ಕ್ವೇರ್ ವೇವ್, ನಡುವೆ 10 ಕಿಲೋಓಮ್. ಸ್ಕೋಪನ್ನು ಕೆಪಾಸಿಟರಿಗೆ ಹಾಕಿ, ಗೆರೆ ಕೆಳಗಿನಿಂದ ಅರ್ಧ ಎತ್ತರಕ್ಕೆ ಏರುವ ಸಮಯವನ್ನು 0.69ರಿಂದ, ಆಮೇಲೆ ರೆಸಿಸ್ಟರಿನಿಂದ ಭಾಗಿಸಿ. 0.69 ಮಿಲಿಸೆಕೆಂಡ್ ಬಂದರೆ ನಿಮ್ಮ ಕೈಯಲ್ಲಿರುವುದು 100 ನ್ಯಾನೋಫ್ಯಾರಡ್. ಗೆರೆ ಮೇಲೆ ಹೋಗಿ ಮಟ್ಟಸ ಆಗುವಷ್ಟು ಸಮಯ ಸಿಗಬೇಕು. ಇಲ್ಲದಿದ್ದರೆ ಫ್ರೀಕ್ವೆನ್ಸಿ ಇಳಿಸಿ.

ನನಗೆ ತುಂಬಾ ಇಷ್ಟವಾದ ಕೆಲಸ ಕಾಯಿಲ್ ಅಳೆಯೋದು. ಇದಕ್ಕೆ ನಂಬಿಕಸ್ಥ ಕೆಪಾಸಿಟರ್ ಒಂದು ಬೇಕು. 1% ಟಾಲರೆನ್ಸ್‌ನ ಪಾಲಿಪ್ರೊಪಿಲೀನ್ ಅಥವಾ ಸಿ0ಜಿ (ಬಿಸಿ ತಂಪಿಗೆ ವ್ಯಾಲ್ಯೂ ಹೆಚ್ಚುಕಡಿಮೆ ಬದಲಾಗದ) ಸೆರಾಮಿಕ್, 10 ನ್ಯಾನೋಫ್ಯಾರಡ್‌ದು, ತೆಗೆದಿಡಿ. ಅದನ್ನು ಬೇರೆ ಯಾವ ಸರ್ಕ್ಯೂಟಿಗೂ ಹಾಕಬೇಡಿ. ಅದನ್ನು ಕಾಯಿಲ್‌ಗೆ ಪ್ಯಾರಲಲ್ ಆಗಿ ಕಟ್ಟಿ, 100 ಕಿಲೋಓಮ್ ಮೂಲಕ ಸೈನ್ ವೇವ್ ಕೊಟ್ಟು ಫ್ರೀಕ್ವೆನ್ಸಿ ತಿರುಗಿಸುತ್ತಾ ಹೋಗಿ. ಒಂದು ಕಡೆ ಸ್ಕೋಪಿನ ಅಲೆ ದಿಢೀರನೆ ಎತ್ತರವಾಗುತ್ತದೆ. ಅದೇ ರೆಸೊನೆನ್ಸ್. ಈಗ 25330 ಅನ್ನು ಆ ಫ್ರೀಕ್ವೆನ್ಸಿಯ ವರ್ಗದಿಂದಲೂ ಕೆಪಾಸಿಟರ್ ವ್ಯಾಲ್ಯೂದಿಂದಲೂ ಭಾಗಿಸಿ. ಫ್ರೀಕ್ವೆನ್ಸಿ ಕಿಲೋಹರ್ಟ್ಜ್‌ನಲ್ಲಿ, ಕೆಪಾಸಿಟರ್ ನ್ಯಾನೋಫ್ಯಾರಡ್‌ನಲ್ಲಿ ಇದ್ದರೆ ಉತ್ತರ ಮಿಲಿಹೆನ್ರಿಯಲ್ಲಿ ಬರುತ್ತದೆ. 50.3 ಕಿಲೋಹರ್ಟ್ಜ್‌ಗೆ ಅಲೆ ಎದ್ದರೆ ಕಾಯಿಲ್ 1 ಮಿಲಿಹೆನ್ರಿ. ಶಿಖರ ಚೂಪಾಗಿದ್ದರೆ ಕಾಯಿಲ್ ಒಳ್ಳೆಯದು. ಅಗಲವಾಗಿ ಮಂಕಾಗಿದ್ದರೆ ನಷ್ಟ ಜಾಸ್ತಿ, ಒಳಗೆ ಸುತ್ತುಗಳು ಶಾರ್ಟ್ ಆಗಿರಲೂಬಹುದು. ಮೀಟರ್ ಬರೀ ಅಂಕಿ ಕೊಡುತ್ತದೆ, ಇಲ್ಲಿ ಕಾಯಿಲ್‌ನ ಆರೋಗ್ಯವೂ ಕಾಣುತ್ತದೆ ಅಲ್ವಾ?

ಉತ್ತರ 3: ಮೇಲಿನದಕ್ಕೆ ಒಂದು ಮಾತು ಸೇರಿಸುತ್ತೇನೆ. ಸ್ಕೋಪ್ ಪ್ರೋಬನ್ನು (ಅಳೆಯುವ ಕಡ್ಡಿ) 10ಎಕ್ಸ್‌ನಲ್ಲೇ, ಅಂದರೆ ಸಿಗ್ನಲನ್ನು ಹತ್ತನೇ ಒಂದಕ್ಕೆ ಇಳಿಸುವ ಸ್ಥಾನದಲ್ಲೇ ಇಡಿ. 1ಎಕ್ಸ್‌ನಲ್ಲಿ ಪ್ರೋಬ್ ತಾನೇ ಸುಮಾರು 100 ಪಿಕೋಫ್ಯಾರಡ್ ಸೇರಿಸುತ್ತದೆ. 22 ಪಿಕೋಫ್ಯಾರಡ್‌ನಂಥ ಸಣ್ಣ ಕೆಪಾಸಿಟರನ್ನು ನೇರವಾಗಿ ಅಳೆಯಲು ಹೋಗಬೇಡಿ. ವ್ಯಾಲ್ಯೂ ಗೊತ್ತಿರುವ ಕಾಯಿಲ್ ಒಂದಕ್ಕೆ 100 ಪಿಕೋಫ್ಯಾರಡ್ ಕಟ್ಟಿ ರೆಸೊನೆನ್ಸ್ ಬರೆದಿಟ್ಟುಕೊಳ್ಳಿ. ಆಮೇಲೆ ಸಣ್ಣದನ್ನೂ ಪ್ಯಾರಲಲ್ ಸೇರಿಸಿ ಮತ್ತೆ ನೋಡಿ. ಎರಡೂ ಸಲ ಮೇಲಿನ 25330 ಲೆಕ್ಕದಲ್ಲಿ ಕೆಪಾಸಿಟರ್ ಬದಲು ಕಾಯಿಲ್ ವ್ಯಾಲ್ಯೂದಿಂದ ಭಾಗಿಸಿದರೆ ಕೆಪಾಸಿಟರ್ ವ್ಯಾಲ್ಯೂ ಬರುತ್ತದೆ, ಅವೆರಡರ ವ್ಯತ್ಯಾಸವೇ ಸಣ್ಣದರ ವ್ಯಾಲ್ಯೂ. ಪ್ರೋಬ್, ವೈರ್‌ಗಳ ಪಾಲು ಎರಡರಲ್ಲೂ ಇರುವುದರಿಂದ ಕಳೆದುಹೋಗುತ್ತದೆ.

ಉತ್ತರ 4: ಫೆರೈಟ್ ಕೋರ್ ಇರುವ ಕಾಯಿಲ್‌ಗಳನ್ನು ಅವು ಕೆಲಸ ಮಾಡುವ ಫ್ರೀಕ್ವೆನ್ಸಿಗೆ ಹತ್ತಿರದಲ್ಲೇ ಅಳೆಯಿರಿ. ಪವರ್ ಸಪ್ಲೈನ ಚೋಕ್ ಕಾಯಿಲ್ ಆದರೆ ಇನ್ನೊಂದು ವಿಷಯವೂ ಇದೆ: ಡಿಸಿ ಕರೆಂಟ್ ಹರಿಯುವಾಗ ಅದರ ಇಂಡಕ್ಟೆನ್ಸ್ (ಹೆನ್ರಿಯಲ್ಲಿ ಅಳೆದ ವ್ಯಾಲ್ಯೂ) ಇಳಿಯುತ್ತದೆ. ಮೇಜಿನ ಮೇಲೆ ಸಿಕ್ಕ ಅಂಕಿಯನ್ನೇ ನೆಚ್ಚಿಕೊಂಡು ಅದನ್ನು ಹೊಸ ಸರ್ಕ್ಯೂಟಿಗೆ ಹಾಕಬೇಡಿ.