ನಾಣಿಗೊಂದು ಡ್ರೆಸ್ ವಾಚು

"ಕೊಡೋ ದುಡ್ಡು ಕಮ್ಮಿ ಇರಬೇಕು, ನೋಡಿದವರು ಜಾಸ್ತಿ ಕೊಟ್ಟಿದ್ದಾನೆ ಅಂದುಕೊಳ್ಳಬೇಕು." ಇದು ನಾಣಿಯ ಷರತ್ತು. ಅವನಿಗೆ ಬೇಕಿರುವುದು ಮೆಕ್ಯಾನಿಕಲ್ ಡ್ರೆಸ್ ವಾಚು, ಅಂದರೆ ಸ್ಪ್ರಿಂಗಿನಿಂದ ಓಡುವ, ಸಮಾರಂಭಕ್ಕೆ ಕಟ್ಟಿಕೊಳ್ಳುವಂಥದ್ದು.

"ಬ್ಯಾಟರಿದು ತಗೊಳ್ಳೋ" ಎಂದ ಶೀನಿ. "ಅದರೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ನಿನ್ನ ಸ್ಪ್ರಿಂಗಿನ ವಾಚು ಆರೋ ಎಂಟೋ ಸಲ ಟಿಕ್ ಅನ್ನುತ್ತೆ, ಅಷ್ಟೇ."

"ಸರಿಯಾದ ಟೈಮು ಮೊಬೈಲಲ್ಲಿದೆ. ಇದು ಕೈಯ ಅಂದಕ್ಕೆ" ಎಂದು ನಾಣಿ ಒಂದು ಫೋಟೋ ತೋರಿಸಿದ. "ನೋಡು, ಟೂರ್ಬಿಯಾನ್!"

ಶೀನಿ ಕನ್ನಡಕ ಮೇಲೇರಿಸಿದ. "1801ರಲ್ಲಿ ಬ್ರೆಗೆ ಅನ್ನೋ ಗಡಿಯಾರ ತಯಾರಕ ಪೇಟೆಂಟ್ ಪಡೆದ ಟೂರ್ಬಿಯಾನ್‌ನಲ್ಲಿ ಟಿಕ್ ಅನ್ನಿಸುವ ಈ ಚಕ್ರ ತನ್ನ ಪಂಜರದ ಸಮೇತ ಸುತ್ತುತ್ತೆ. ಇದು ಇದ್ದಲ್ಲೇ ಅಲ್ಲಾಡುತ್ತೆ. ಇದು ಓಪನ್ ಹಾರ್ಟ್."

"ಅಂದ್ರೆ?"

"ಡಯಲಿಗೆ ತೂತು."

ನಾಣಿ ಸೋಲುವವನಲ್ಲ. "ಒಳಗೆ 24 ಮಾಣಿಕ್ಯ ಇದೆಯಂತೆ."

"ಎಲ್ಲಾ ಫ್ಯಾಕ್ಟರಿಯಲ್ಲಿ ಮಾಡಿದವು. ಚಕ್ರದ ತುದಿ ಸವೆಯದಿರಲಿ ಅಂತ ಹಾಕ್ತಾರೆ. ಕೀ ಕೊಡುವ ಸಾದಾ ವಾಚಿಗೆ 17 ಸಾಕು. 1960ರ ದಶಕದಲ್ಲಿ ಪೈಪೋಟಿಗೆ ಬಿದ್ದು 100 ತುರುಕಿದವರೂ ಇದ್ದರು."

"ಅಡವಿಡೋಕೆ ಬರಲ್ವಾ ಹಾಗಾದ್ರೆ?"

ಇಷ್ಟೆಲ್ಲಾ ಕೇಳಿದ ಮೇಲೆ ನಾನೂ ಬಾಯಿ ಹಾಕಿದೆ. ಡ್ರೆಸ್ ವಾಚಿನಲ್ಲಿ ನಿಜವಾಗಿ ದುಬಾರಿಯಾದದ್ದು ತೆಳುವು. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಗ್ಗದ ಆಟೊಮ್ಯಾಟಿಕ್ ವಾಚುಗಳಲ್ಲಿ ಮಾಮೂಲಾಗಿ ಸಿಗುವ ಸೈಕೋ ಎನ್‌ಎಚ್35 ಯಂತ್ರವೇ 5.3 ಮಿ.ಮೀ. ದಪ್ಪ. ಅದರ ಮೇಲೆ ಡಯಲ್, ಮುಳ್ಳು, ಗಾಜು, ಕೆಳಗೆ ಮುಚ್ಚಳ. ಶರ್ಟಿನ ತೋಳಿನ ಗುಂಡಿ ಹಾಕಿದರೆ ವಾಚು ಹೊರಗೇ ಉಳಿಯುತ್ತದೆ. ಮಿಯೋಟಾ 9015 ಯಂತ್ರವಾದರೆ 3.9 ಮಿ.ಮೀ. ಕೈಯಿಂದ ಕೀ ಕೊಡುವುದರಲ್ಲಿ ಆಟೊಮ್ಯಾಟಿಕ್ಕಿನಂತೆ ಕೈ ಆಡಿಸಿದಾಗ ತಿರುಗಿ ತಾನೇ ಕೀ ಕೊಡುವ ರೋಟರ್ ಇಲ್ಲ, ಹಾಗಾಗಿ ಇನ್ನೂ ತೆಳ್ಳಗೆ ಮಾಡಬಹುದು. ಒಟ್ಟು 10 ಮಿ.ಮೀ. ಒಳಗೆ ಸಿಕ್ಕಿದರೆ, ಜೊತೆಗೆ ಸುಲಭವಾಗಿ ಗೀರು ಬೀಳದ ಸಫೈರ್ ಗಾಜಿದ್ದರೆ, ಕಣ್ಣುಮುಚ್ಚಿ ತಗೋ ಎಂದೆ.

"ಮುಳ್ಳು ನೀಲಿ ಇರಬೇಕು" ಎಂದ ನಾಣಿ.

"ಉಕ್ಕನ್ನು 300 ಡಿಗ್ರಿ ಹತ್ತಿರ ಕಾಯಿಸಿದರೆ ಬರುವ ನೀಲಿ ಬೇರೆ, ಬಳಿದ ನೀಲಿ ಬೇರೆ. ಕಾಯಿಸಿದ್ದು ಓರೆ ಮಾಡಿದರೆ ಕಪ್ಪಗೆ ಕಾಣುತ್ತೆ" ಎಂದ ಶೀನಿ.

"ಕಪ್ಪಗೆ ಕಾಣೋದಕ್ಕೆ ಜಾಸ್ತಿ ದುಡ್ಡು ಕೊಡಬೇಕಾ?"

ಈ ಪ್ರಶ್ನೆಗೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ.

"ಟೈಮ್ ಎಷ್ಟು ತಪ್ಪುತ್ತೆ?" ಮೆಲ್ಲಗೆ ಕೇಳಿದ.

"ವಾಚಿನ ನಿಖರತೆ ಪರೀಕ್ಷಿಸೋ ಕೋಸ್ಕ್ ಸಂಸ್ಥೆಯ ಪ್ರಮಾಣಪತ್ರ ಪಡೆದ ಸ್ವಿಸ್ ಯಂತ್ರಕ್ಕೇ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗೋಕೆ ಅನುಮತಿ ಇದೆ. ನಿನ್ನದು ಇನ್ನೂ ಜಾಸ್ತಿ."

ನಾಣಿಯ ಮುಖ ಬಾಡಿತು. ಅರ್ಧ ಗಂಟೆ ತಡವಾಗಿ ಬರುವವನಿಗೆ ಸೆಕೆಂಡಿನ ಚಿಂತೆ!

"ಒಂದು ಕೆಲಸ ಮಾಡು" ಎಂದ ಶೀನಿ. "ಎರಡೇ ಮುಳ್ಳಿನದು ತಗೋ. ಹಳೇ ಕಾಲದ ಡ್ರೆಸ್ ವಾಚಿಗೆ ಅದೇ ಲಕ್ಷಣ. ಸೆಕೆಂಡು ಮುಳ್ಳೇ ಇಲ್ಲದ ಮೇಲೆ ಎಷ್ಟು ಸೆಕೆಂಡು ತಪ್ಪಿದೆ ಅಂತ ಯಾರಿಗೆ ಗೊತ್ತಾಗುತ್ತೆ?"

"ಓಡ್ತಿದೆಯೋ ನಿಂತಿದೆಯೋ?"

"ಅದೂ ಗೊತ್ತಾಗಲ್ಲ."